ಅತ್ತೆ ಹಾಕಿಸಿದ ಜೋಡಿ ಸೈಲೆನ್ಸರ್

ಆ ಮರಗೆಲಸದ ಶೆಡ್ಡಿನಲ್ಲಿ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಗರಗಸದ ಸದ್ದು ಕೇಳುತ್ತಿರಲಿಲ್ಲ. ಯಜಮಾನಿ ಹಳೆಯ ಪಿಕಪ್ ಗಾಡಿಗೆ ಕುರ್ಚಿ ಮೇಜುಗಳನ್ನು ಹೇರಿಕೊಂಡು ಗಿರಾಕಿಗಳ ಮನೆಗೆ ಹೊರಟಳೆಂದರೆ, ಒಳಗೆ ನಾಲ್ಕು ಜನ ಪಾಲಿಶ್ ಕಾಣದ ಮೇಜೊಂದರ ಸುತ್ತ ಇಸ್ಪೀಟಿಗೆ ಕೂರುತ್ತಿದ್ದರು. ಒಬ್ಬ ಬಡಗಿ ಮೇಸ್ತ್ರಿ. ಇನ್ನೊಬ್ಬ ಪಾಲಿಶ್ ಹಚ್ಚುವವನು; ಕೈಯ ವಾಸನೆಯಿಂದಾಗಿ ಅವನಿಗೆ ವಾರ್ನಿಷ್ ಎಂದೇ ಹೆಸರು. ಮೂರನೆಯವಳು ಕುರ್ಚಿಗಳಿಗೆ ಬೆತ್ತ ಹೆಣೆಯುವವಳು. ನಾಲ್ಕನೆಯವರು ಯಜಮಾನಿಯ ಅತ್ತೆ, ಎಪ್ಪತ್ತಾರರ ಹಿರಿಯರು. ಲೆಕ್ಕಕ್ಕೆ ಅವರು ಆ ಹೊತ್ತಿನಲ್ಲಿ ಮಹಡಿಯ ಕೋಣೆಯಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗಿರಬೇಕಾಗಿತ್ತು.

ಶೆಡ್ಡನ್ನು ಕಟ್ಟಿದವರು ಅತ್ತೆಯ ಗಂಡ. ಮಗನಿಗೆ ಮರ ಒಲಿಯಲಿಲ್ಲ, ಲೆಕ್ಕ ಒಲಿಯಿತು; ಅವನು ಶಾಲೆಯಲ್ಲಿ ಮೇಷ್ಟ್ರಾದ. ಮಾವ ತೀರಿಕೊಂಡ ಮೇಲೆ ಸೊಸೆಯೇ ಉಳಿ, ಗರಗಸ, ಗಿರಾಕಿ, ಗಾಡಿ ಎಲ್ಲವನ್ನೂ ಕೈಗೆ ತೆಗೆದುಕೊಂಡಳು. ಅತ್ತೆಯನ್ನೂ ತೆಗೆದುಕೊಂಡಳು. ವೈದ್ಯರು ಮೆಟ್ಟಿಲು ಬೇಡ, ಮರದ ಹೊಟ್ಟಿನ ಧೂಳು ಬೇಡ ಎಂದು ಬಾಯಿಮಾತಿಗೆ ಹೇಳಿದ್ದನ್ನು ಅವಳು ಕಲ್ಲಿನಲ್ಲಿ ಕೆತ್ತಿದ ಹಾಗೆ ಪಾಲಿಸಿದಳು. ಅತ್ತೆ ಎರಡು ತಿಂಗಳು ಮಹಡಿಯ ಕಿಟಕಿಯಲ್ಲಿ ಕೂತು ಬೀದಿಯ ನಾಯಿಗಳನ್ನು ಎಣಿಸಿದರು. ಮೂರನೆಯ ತಿಂಗಳು ಹಿಂಬಾಗಿಲ ಹದಿನೆಂಟು ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬಂದು, ಎಲೆ ಹಾಕಿ ಎಂದರು.

ಆಟಕ್ಕೆ ದುಡ್ಡಿರಲಿಲ್ಲ. ಸೋತ ಜೋಡಿ ಹೊಟ್ಟು ಗುಡಿಸಬೇಕು, ಅಷ್ಟೇ. ಅತ್ತೆ ಎರಡು ವರ್ಷದಲ್ಲಿ ಪೊರಕೆ ಹಿಡಿದದ್ದು ಮೂರೇ ಸಲ.

ಈ ಆಟವನ್ನು ಕಾಪಾಡುತ್ತಿದ್ದದ್ದು ಗಾಡಿಯ ತೂತುಬಿದ್ದ ಸೈಲೆನ್ಸರು. ಗಾಡಿ ಸೇತುವೆ ಹತ್ತಿತೆಂದರೆ ಡಬಡಬ ಸದ್ದು ಶೆಡ್ಡಿನ ತಗಡಿಗೆ ಬಂದು ಬಡಿಯುತ್ತಿತ್ತು. ಅಲ್ಲಿಂದ ಗೇಟಿಗೆ ಎರಡು ನಿಮಿಷ. ಅಷ್ಟರಲ್ಲಿ ಎಲೆಗಳು ಮೊಳೆಯ ಡಬ್ಬಕ್ಕೆ ಇಳಿಯುತ್ತಿದ್ದವು, ಮೇಸ್ತ್ರಿ ಕೀಸುಳಿ ಹಿಡಿಯುತ್ತಿದ್ದ, ಅತ್ತೆ ಹಿಂಬಾಗಿಲಿನ ಮೆಟ್ಟಿಲು ಹತ್ತುತ್ತಿದ್ದರು. ಸೊಸೆ ಮೇಲೆ ಬಂದು ನೋಡುವಾಗ ಅವರು ಹೊದಿಕೆ ಎಳೆದುಕೊಂಡು ನರಳುತ್ತಿದ್ದರು. ಏದುಸಿರನ್ನು ನರಳಾಟದ ಹಾಗೆ ಕೇಳಿಸುವುದು ಅವರಿಗೆ ಚೆನ್ನಾಗಿ ರೂಢಿಯಾಗಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಆ ಸೈಲೆನ್ಸರು ತುಕ್ಕು ತಿಂದು ನಡುರಸ್ತೆಯಲ್ಲಿ ಕಳಚಿ ಬಿತ್ತು. ಸೊಸೆ ಅದನ್ನು ತಂತಿಯಲ್ಲಿ ಕಟ್ಟಿಕೊಂಡು ಮೂರು ದಿನ ಓಡಿಸಿದಳು. ಆ ಮೂರು ದಿನ ಗಾಡಿ ಗುಡುಗಿದ ರೀತಿಗೆ ಶೆಡ್ಡಿನಲ್ಲಿ ಎಲ್ಲರಿಗೂ ಹಬ್ಬವೇ. ನಾಲ್ಕನೆಯ ದಿನ ರಾತ್ರಿ ಊಟ ಮಾಡುತ್ತಾ ಅವಳು ಹೊಸ ಸೈಲೆನ್ಸರ್ ಹಾಕಿಸುವುದಾಗಿಯೂ, ಮಲಗಿದ ಬೆಕ್ಕೂ ಏಳದಂಥದ್ದನ್ನು ಹಾಕಲು, ಗಾಡಿಗಳಿಗೆ ಹೊಗೆ ಪೈಪು ಕೂರಿಸುವ ಪೈಪಿನವನಿಗೆ ಹೇಳುವುದಾಗಿಯೂ ಹೇಳಿದಳು. ಅತ್ತೆಯ ಕೈಯ ತುತ್ತು ಅಲ್ಲೇ ನಿಂತಿತು.

ಮರುದಿನ ಮೂರು ಗಂಟೆಗೆ ಎಲೆ ಹಂಚಲಿಲ್ಲ, ಸಭೆ ನಡೆಯಿತು. ವಾರ್ನಿಷ್ ಮುಖ ಸಣ್ಣ ಮಾಡಿಕೊಂಡು, ಇನ್ನು ನಮ್ಮ ಕಥೆ ಮುಗಿಯಿತು ಎಂದ. ಬೆತ್ತದವಳು ಗೇಟಿಗೆ ಗಂಟೆ ಕಟ್ಟೋಣವೇ ಎಂದು ಕೇಳಿದಳು. ಮೇಸ್ತ್ರಿಗೆ ಮಾತ್ರ ಒಂದು ಸಂಗತಿ ನೆನಪಾಯಿತು. ಆ ಗಾಡಿಯ ಎಂಜಿನ್ನಿಗೆ ಎಡಕ್ಕೆ ಮೂರು, ಬಲಕ್ಕೆ ಮೂರು ಸಿಲಿಂಡರ್. ಎರಡೂ ಕಡೆಯ ಹೊಗೆ ಒಂದೇ ಪೈಪಿನಲ್ಲಿ ನೂಕಾಡಿಕೊಂಡು ಹೊರಗೆ ಹೋಗುತ್ತದೆ. ಅದರ ಬದಲು ಒಂದೊಂದು ಕಡೆಗೆ ಒಂದೊಂದು ಪೈಪು, ಒಂದೊಂದು ಸೈಲೆನ್ಸರ್ ಕೊಟ್ಟರೆ ಗಾಡಿ ಸಲೀಸಾಗಿ ಉಸಿರಾಡುತ್ತದೆ, ಸದ್ದೂ ಗಡುಸಾಗಿ ಬರುತ್ತದೆ ಎಂದು ಅವನು ವಿವರಿಸಿದ.

ಅತ್ತೆ ಆ ರಾತ್ರಿಯೇ ಕೆಲಸ ಶುರು ಮಾಡಿದರು. ಪಾಪ ಗಾಡಿ, ಭಾರ ಹೇರಿಕೊಂಡು ದಿಬ್ಬ ಹತ್ತುವಾಗ ಎಷ್ಟು ದಮ್ಮು ಕಟ್ಟುತ್ತದೆ ಎಂದು ಮರುಗಿದರು. ಒಂದು ಮೂಗು ಕಟ್ಟಿದರೆ ಮನುಷ್ಯರಿಗೇ ಎಷ್ಟು ಕಷ್ಟ ಎಂದರು. ಹುಟ್ಟಿದಾಗಿನಿಂದ ಗಾಡಿಯ ಬಗ್ಗೆ ಒಂದು ಮಾತಾಡದ ಅತ್ತೆ ಸಿಲಿಂಡರಿನ ಲೆಕ್ಕ ಹೇಳುವುದನ್ನು ಸೊಸೆ ಅನ್ನ ಕಲಸುತ್ತಾ ಕೇಳಿದಳು. ಕೊನೆಗೆ, ಸರಿ, ಜೋಡಿ ಪೈಪೇ ಹಾಕಿಸೋಣ ಎಂದಳು. ಇಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ಅತ್ತೆಗೆ ಹಿಗ್ಗಾಯಿತೇ ಹೊರತು ಅನುಮಾನ ಬರಲಿಲ್ಲ.

ಪೈಪಿನವನ ಅಂಗಡಿಗೆ ತಾನೂ ಬರುತ್ತೇನೆ, ಮನೆಯಲ್ಲಿ ಕೂತು ಕೂತು ಸಾಕಾಗಿದೆ ಎಂದು ಅತ್ತೆ ಹಟ ಹಿಡಿದರು. ಅವನು ಅವರ ಗಂಡನ ಕಾಲದಿಂದ ಬಲ್ಲವನು. ಮಾತು ಕಡಿಮೆ, ಹುಬ್ಬು ಜಾಸ್ತಿ. ಗಾಡಿಯನ್ನು ನಾಲ್ಕು ಕಂಬದ ಲಿಫ್ಟಿನ ಮೇಲೆ ಎತ್ತಿ ಅಡಿಯಲ್ಲಿ ನಿಂತು ಹುಬ್ಬು ಗಂಟಿಕ್ಕಿದ. ಎಂಜಿನ್ನಿನ ಬಾಯಿಗೆ ಪೈಪ್ ಕೂಡಿಸಿದ್ದ ಬೋಲ್ಟುಗಳು ತುಕ್ಕಿನಲ್ಲಿ ಒಂದಾಗಿ ಹೋಗಿದ್ದವು. ಗ್ಯಾಸಿನ ಉರಿ ಹಿಡಿದು ಕೆಂಪಗೆ ಕಾಯಿಸಿ ಸ್ಪ್ಯಾನರ್ ಹಾಕಿದರೂ ಎರಡು ಕತ್ತು ಮುರಿದುಕೊಂಡವು. ಅವನ್ನು ಕೊರೆದು ತೆಗೆಯುವುದರಲ್ಲಿ ಅರ್ಧ ದಿನ ಹೋಯಿತು.

ಸೊಸೆ ಬಾಗಿಲಿನ ಕೀಲು ಕೊಳ್ಳಲು ಪಕ್ಕದ ಬೀದಿಗೆ ಹೋದದ್ದೇ ತಡ, ಅತ್ತೆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು.

“ನೋಡಪ್ಪ, ಇದು ಸೇತುವೆ ಮೇಲೆ ಬಂದ್ರೆ ನನ್ನ ಮನೇಲಿ ಕೇಳ್ಬೇಕು.”

ಅವನು ಹುಬ್ಬೆತ್ತಿದ. “ಅವ್ರು ಮೆತ್ತಗಿರ್ಲಿ ಅಂದ್ರಲ್ಲಮ್ಮ.”

“ಅವಳು ಓಡ್ಸೋಳು. ಕೇಳಿಸ್ಕೊಳ್ಳೋಳು ನಾನು.”

ಅವನು ಮತ್ತೇನೂ ಕೇಳದೆ ಪೈಪು ಬಗ್ಗಿಸುವ ಯಂತ್ರದ ಕಡೆಗೆ ಹೋದ. ಅತ್ತೆ ಸಂಜೆಯವರೆಗೂ ಕಣ್ಣು ಕೀಳದೆ ನೋಡಿದರು. ಬಲಗಡೆಯ ಪೈಪು ಸುಲಭವಾಗಿ ಹೋಯಿತು. ಎಡಗಡೆ ಪೆಟ್ರೋಲ್ ಟ್ಯಾಂಕು ಅಡ್ಡ ಕೂತಿತ್ತು. ಪೈಪನ್ನು ಅದರಿಂದ ನಾಲ್ಕು ಬೆರಳು ದೂರಕ್ಕೆ ತಿರುಗಿಸಿ, ನಡುವೆ ಶಾಖ ತಡೆಯುವ ತಗಡು ಕೊಟ್ಟು, ಹಿಂದಿನ ಚಕ್ರಗಳ ಅಚ್ಚಿನ ಮೇಲೆ ಬಿಲ್ಲಿನ ಹಾಗೆ ಬಾಗಿಸಿ ದಾಟಿಸಬೇಕಾಯಿತು. ಗಾಡಿ ಕುಣಿದಾಗ ಅಚ್ಚು ಮೇಲೆದ್ದು ಪೈಪಿಗೆ ಬಡಿಯಬಾರದೆಂದು ಅವನು ಹಿಂಬದಿಯನ್ನು ಜಾಕಿನಲ್ಲಿ ಎತ್ತಿ ಇಳಿಸಿ ನಾಲ್ಕು ಸಲ ಅಳೆದ. ಎರಡು ಪೈಪುಗಳ ನಡುವೆ ಒಂದು ಅಡ್ಡ ಪೈಪು ಬೆಸೆದ. ಇದಿಲ್ಲದಿದ್ದರೆ ಎರಡೂ ಕಡೆ ಜಗಳ ಆಡಿಕೊಂಡು ತಲೆನೋವು ತರುತ್ತವೆ ಎಂದ. ಕೆಲಸ ನೋಡುತ್ತಾ ಅತ್ತೆಗೆ ಗಂಡ ಕುರ್ಚಿಯ ಕಾಲಿಗೆ ಕೂಡು ಹಾಕುತ್ತಿದ್ದದ್ದು ಜ್ಞಾಪಕ ಬಂದು, ಬಂದ ಉದ್ದೇಶವೇ ಸ್ವಲ್ಪ ಹೊತ್ತು ಮರೆತುಹೋಯಿತು.

ಎರಡನೆಯ ದಿನ ಸೊಸೆ ಒಬ್ಬಳೇ ಹೋದಳು. ಆ ಸಂಜೆ ಗಾಡಿ ಸೇತುವೆಗೂ ಮೊದಲೇ, ಕಾಲುವೆಯ ತಿರುವಿನಲ್ಲೇ ಕೇಳಿಸಿತು. ಹಳೆಯ ಡಬಡಬ ಅಲ್ಲ, ಎದೆಗೂಡಿನೊಳಗಿಂದ ಬಂದಂಥ ಘನವಾದ ಗುಡುಗು. ಶೆಡ್ಡಿನ ಕಿಟಕಿಯ ಗಾಜು ಸಣ್ಣಗೆ ನಡುಗಿತು. ವಾರ್ನಿಷ್ ಬ್ರಷ್ ಕೆಳಗಿಟ್ಟು ಕೈ ಮುಗಿದ. ಸೊಸೆ ಇಳಿದು, ಸ್ವಲ್ಪ ಜೋರಾಯಿತೋ ಏನೋ, ಒಳಗೆ ಮಸಿ ಹಿಡಿದ ಮೇಲೆ ತಗ್ಗುತ್ತದಂತೆ ಎಂದಷ್ಟೇ ಹೇಳಿ ಒಳಗೆ ಹೋದಳು.

ಎರಡು ನಿಮಿಷ ಇದ್ದದ್ದು ನಾಲ್ಕಾಯಿತು. ಅತ್ತೆ ಎಲೆಯನ್ನು ನಿಧಾನವಾಗಿ ಜೋಡಿಸಿಟ್ಟು, ಸೋತವರಿಗೆ ಎರಡು ಮಾತು ಚುಚ್ಚಿ ಎದ್ದು ಹೋಗಬಹುದಾಗಿತ್ತು. ಆದರೆ ಕಾಲ ಹೆಚ್ಚಿದಷ್ಟೂ ಮನುಷ್ಯನಿಗೆ ಆಸೆ ಹೆಚ್ಚುತ್ತದೆ. ಇನ್ನೊಂದು ಎಲೆ, ಇನ್ನೊಂದು ಎಲೆ ಎನ್ನುತ್ತಾ ಒಂದು ದಿನ ಗಾಡಿ ಗೇಟಿಗೆ ಬರುವವರೆಗೂ ಕೂತರು. ಆಮೇಲೆ ದಡಬಡಿಸಿ ಹತ್ತುವಾಗ ಹದಿನಾಲ್ಕನೆಯ ಮೆಟ್ಟಿಲಲ್ಲಿ ಕಾಲು ಜಾರಿತು. ಬೀಳಲಿಲ್ಲ, ಮೊಣಕಾಲಿನ ಕೆಳಗೆ ಮೆಟ್ಟಿಲಂಚು ಬಡಿದು ಬದನೆಕಾಯಿ ಬಣ್ಣಕ್ಕೆ ತಿರುಗಿತು. ಅದರ ಮೇಲೆ ಮಂಡಿಯವರೆಗಿನ ಉಣ್ಣೆಯ ಕಾಲುಚೀಲ ಎಳೆದುಕೊಂಡು, ಚಳಿಯಾಗುತ್ತದೆ ಎಂದು ಸುಳ್ಳು ಹೇಳಿ, ಹುಷಾರಾಗಿ ಕುಂಟದೆ ನಡೆದರು.

ಅದಾದ ಎರಡು ದಿನಕ್ಕೆ ಒಳ್ಳೆಯ ಆಟ ಬಿದ್ದಿತ್ತು. ಅತ್ತೆಯ ಕೈಯಲ್ಲಿ ಮೂರು ತುರುಪು, ಒಂದು ರಾಣಿ. ಎದುರಿನ ಮೇಸ್ತ್ರಿಯ ಮುಖ ಇದ್ದಕ್ಕಿದ್ದಂತೆ ಸುಣ್ಣದ ಹಾಗೆ ಬಿಳುಚಿಕೊಂಡಿತು. ಅವನ ಎಲೆ ಅಷ್ಟು ಕೆಟ್ಟದಾಗಿದೆಯೇ ಎಂದುಕೊಂಡು ಅತ್ತೆ ರಾಣಿಯನ್ನು ಮೇಲೆತ್ತಿದರು.

“ರಾಣಿ ಎಸೀಬೇಡಿ ಅತ್ತೆ,” ಎಂದು ಹಿಂದಿನಿಂದ ಸೊಸೆಯ ದನಿ ಕೇಳಿತು. “ರಾಜ ಇನ್ನೂ ಬಿದ್ದಿಲ್ಲ.”

ನಾಲ್ವರೂ ತಿರುಗಿ ನೋಡಿದರು. ಗೇಟಿನ ಹತ್ತಿರ ಗಾಡಿ ನಿಂತಿತ್ತು, ಎಂಜಿನ್ ಇನ್ನೂ ಓಡುತ್ತಿತ್ತು. ಹೊಲಿಗೆ ಯಂತ್ರದಷ್ಟೂ ಸದ್ದಿಲ್ಲ.

ಸೊಸೆ ಕೈಯಲ್ಲಿದ್ದ ಶೆಡ್ಡಿನ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು ಕೂತಳು. ಪೈಪಿನವನು ಅತ್ತೆಯ ಬೇಡಿಕೆಯನ್ನು ಮರುದಿನವೇ ಅವಳ ಕಿವಿಗೆ ಹಾಕಿದ್ದನಂತೆ. ಒಬ್ಬರು ಜೋರು ಅಂತೀರಿ, ಒಬ್ಬರು ಮೆತ್ತಗೆ ಅಂತೀರಿ, ಇರುವುದು ಒಂದೇ ಗಾಡಿ ಎಂದು ತಲೆ ಕೆರೆದುಕೊಂಡು, ಸೈಲೆನ್ಸರಿನ ಮುಂದೆ ಎರಡೂ ಪೈಪಿಗೆ ಒಂದೊಂದು ಮುಚ್ಚಳ ಕೂರಿಸಿದನಂತೆ. ಎರಡಕ್ಕೂ ಸೇರಿಸಿ ಒಂದು ತಂತಿ, ಅದರ ಹಿಡಿ ಸೀಟಿನ ಕೆಳಗೆ. ಎಳೆದರೆ ಮುಚ್ಚಳ ತೆರೆದು ಹೊಗೆ ನೇರ ಹೊರಗೆ ಹೋಗಿ ಗುಡುಗುತ್ತದೆ, ತಳ್ಳಿದರೆ ಸೈಲೆನ್ಸರಿನೊಳಗೆ ಹೋಗಿ ತೆಪ್ಪಗಾಗುತ್ತದೆ.

“ಇಸ್ಪೀಟಿನ ವಿಷಯನೂ ಅವನೇ ಹೇಳಿದ್ನಾ?” ಎಂದು ಅತ್ತೆ ಕೇಳಿದರು.

“ಅದಕ್ಕೆ ಅವನ್ಯಾಕೆ ಬೇಕು? ಎರಡು ವರ್ಷದಿಂದ ನಿಮ್ಮ ಕಾಲುಚೀಲ ಒಗೀತಿರೋಳು ನಾನು. ಮಹಡಿ ಮೇಲೆ ಮಲಗಿದವ್ರ ಕಾಲಿಗೆ ಮರದ ಹೊಟ್ಟು ಎಲ್ಲಿಂದ ಬರುತ್ತೆ?” ಸೊಸೆ ಮುಂದುವರಿಸಿದಳು. “ಸೇತುವೆ ಮೇಲೆ ನಾನೇ ಗೇರ್ ಇಳಿಸಿ ಎರಡು ಸಲ ರೈಸ್ ಮಾಡ್ತಿದ್ದೆ. ನೀವು ನಿಧಾನವಾಗಿ ಹತ್ತಲಿ ಅಂತ. ಮೆತ್ತಗಿನದು ಹಾಕಿಸ್ತೀನಿ ಅಂದದ್ದೂ ನೀವೇನು ಮಾಡ್ತೀರೋ ನೋಡೋಣ ಅಂತ. ಈಗ ನೋಡಿದ್ರೆ ಸದ್ದು ಜಾಸ್ತಿ ಆದಷ್ಟೂ ನೀವು ಓಡೋದು ಜಾಸ್ತಿ ಆಯ್ತು. ಮೊನ್ನೆ ಮೆಟ್ಟಿಲಲ್ಲಿ ಜಾರಿದ್ದು ಗೇಟಿಗೇ ಕೇಳಿಸ್ತು. ಆ ಚೀಲ ಸ್ವಲ್ಪ ಇಳಿಸಿ, ಗಾಯ ನೋಡ್ಬೇಕು.”

ಬೆತ್ತದವಳು ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆ ಚೀಲ ಇಳಿಸಲಿಲ್ಲ. ಎಲೆಗಳನ್ನು ಬೋರಲು ಹಾಕಿ, ಯಾರ ಮುಖವನ್ನೂ ನೋಡದೆ, ಹದಿನೆಂಟು ಮೆಟ್ಟಿಲನ್ನೂ ಹತ್ತಿ ಹೋಗಿ ಬಾಗಿಲು ಹಾಕಿಕೊಂಡರು.

ಬೈದಿದ್ದರೆ ಅವರಿಗೆ ಬೇಸರವಾಗುತ್ತಿರಲಿಲ್ಲ. ಎರಡು ವರ್ಷ ಸೊಸೆಯ ಕಣ್ಣಿಗೆ ಮಣ್ಣೆರಚಿದೆನೆಂದು ಬೀಗಿದ್ದೆಲ್ಲ ಅವಳು ಕೊಟ್ಟ ಸದರವಾಗಿತ್ತಲ್ಲ, ಅದು ಚುಚ್ಚುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದೂ ಅಲ್ಲದೆ, ಹಾಲಿಟ್ಟವಳು ಎದುರೇ ಕೂತು ನೋಡಿದ್ದಳು. ಮೂರು ದಿನ ಅವರು ಕೆಳಗೆ ಇಳಿಯಲಿಲ್ಲ. ಸೊಸೆಯೇ ಬನ್ನಿ ಎಂದು ಕರೆದಳು. ಕರೆದ ಮೇಲೆ ಹೋದರೆ ಅದೇನು ರುಚಿ ಎಂದು ಗೋಡೆಯ ಕಡೆಗೆ ತಿರುಗಿ ಮಲಗಿದರು. ಕೆಳಗೆ ಮೂವರು ಮೂರು ಗಂಟೆಗೂ ಕೆಲಸ ಮಾಡಿದರು. ಹಾಗೆ ಮಾಡಿ ತಮಗೇ ಅಭ್ಯಾಸವಿಲ್ಲದೆ ಸುಸ್ತಾದರು.

ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆ ತಾವಾಗಿಯೇ ಇಳಿದು ಬಂದು ಗಾಡಿಯ ಮುಂದಿನ ಸೀಟಿನಲ್ಲಿ ಕೂತರು. ಎಲ್ಲಿಗೆ ಎಂದು ಕೇಳಿದ್ದಕ್ಕೆ, ನಾನು ಹೇಳಿ ಹಾಕಿಸಿದ್ದು ನಾನೇ ಕೇಳಬೇಡವೇ ಎಂದರು. ಸೊಸೆ ಗಾಡಿ ತೆಗೆದಳು. ಕಾಲುವೆಯ ತಿರುವು ದಾಟುತ್ತಲೇ ಅತ್ತೆ ಸೀಟಿನ ಕೆಳಗೆ ಕೈ ಹಾಕಿ ಹಿಡಿಯನ್ನು ಪೂರ್ತಿ ಎಳೆದರು.

ಗಾಡಿ ಗರ್ಜಿಸಿತು. ಏಣಿಯ ಮೇಲೆ ನಿಂತು ಬೋರ್ಡು ಬರೆಯುತ್ತಿದ್ದವನು ಒಂದು ಅಕ್ಷರವನ್ನು ಕೊನೆಯವರೆಗೂ ಎಳೆದುಬಿಟ್ಟ. ಕ್ಷೌರದಂಗಡಿಯಿಂದ ಅರ್ಧ ಗಡ್ಡದವನೊಬ್ಬ ಹೊರಗೆ ಬಂದು ನೋಡಿದ. ಅತ್ತೆಯ ಮುಖ ಮೂರು ದಿನದಲ್ಲಿ ಮೊದಲ ಸಲ ಸಡಿಲವಾಯಿತು. ದಿಬ್ಬದ ಮೇಲೆ ಇನ್ನೊಂದು ಸಲ ಒತ್ತು ಎಂದರು, ಸೊಸೆ ಒತ್ತಿದಳು. ದಿಬ್ಬ ಇಳಿದಲ್ಲಿ ಚೌಕ, ಚೌಕದಲ್ಲಿ ಪೊಲೀಸ್ ಪೇದೆ. ಅವನು ಕೈ ಅಡ್ಡ ಹಿಡಿದೇಬಿಟ್ಟ.

ಸೊಸೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದಳು. ಈ ವಯಸ್ಸಿಗೆ ದಂಡ ಕಟ್ಟಿದ ಮೇಷ್ಟ್ರ ಹೆಂಡತಿ ಅನ್ನಿಸಿಕೊಳ್ಳುವುದೇ ಎಂದುಕೊಂಡಳು. ಪಕ್ಕದಲ್ಲಿ ಅತ್ತೆ ಹೊದ್ದುಕೊಂಡಿದ್ದ ಶಾಲನ್ನು ಸರಿಮಾಡಿಕೊಳ್ಳುವವರ ಹಾಗೆ ಬಗ್ಗಿ ಹಿಡಿಯನ್ನು ಒಳಕ್ಕೆ ತಳ್ಳಿದರು.

“ಏನು ಮೇಡಂ ಇದು ಸದ್ದು? ಊರೇ ಎದ್ದು ಕೂರುತ್ತೆ.”

“ಯಾವ ಸದ್ದಪ್ಪ?” ಎಂದರು ಅತ್ತೆ, ಕಿವಿಯ ಹಿಂದೆ ಕೈಯಿಟ್ಟು. “ನಮ್ಮ ಮುಂದೆ ಒಂದು ಲಾರಿ ಹೋಯ್ತಲ್ಲ, ಅದಾ?”

ಪೇದೆ ಸ್ಟಾರ್ಟ್ ಮಾಡಲು ಹೇಳಿದ. ಸೊಸೆ ಕೀಲಿ ತಿರುಗಿಸಿದಳು. ಗಾಡಿ ಅಕ್ಕಿ ಕೇರಿದಷ್ಟು ಮೆಲ್ಲಗೆ ಉಸಿರಾಡಿತು. ಅವನು ಎಕ್ಸಿಲರೇಟರ್ ಒತ್ತಿ ಎಂದ, ಒತ್ತಿದಳು. ಹಿಂದಕ್ಕೆ ಹೋಗಿ ಬಗ್ಗಿ ಹೊಳೆಯುವ ಎರಡು ಪೈಪುಗಳನ್ನು ನೋಡಿದ, ಅಂಗೈ ಅಡ್ಡ ಹಿಡಿದು ಗಾಳಿ ಬರುತ್ತದೆಯೇ ಎಂದು ಪರೀಕ್ಷಿಸಿದ. ಕೊನೆಗೆ ಟೋಪಿ ತೆಗೆದು ತನ್ನದೇ ಕಿವಿಯೊಳಗೆ ಕಿರುಬೆರಳು ಆಡಿಸಿಕೊಂಡು, ಹೋಗಿ ಅಜ್ಜಿ, ತಪ್ಪು ತಿಳಿಯಬೇಡಿ ಎಂದ. ಅತ್ತೆ ಅವನಿಗೆ, ದಿನವಿಡೀ ರಸ್ತೆಯಲ್ಲಿ ನಿಲ್ಲುವವರಿಗೆ ಹೀಗಾಗುತ್ತದೆ, ಕಿವಿಗೆ ಹತ್ತಿ ಇಟ್ಟುಕೋ ಎಂದು ಬುದ್ಧಿಮಾತು ಹೇಳಿದರು.

ಚೌಕ ದಾಟಿ ಎರಡನೆಯ ತಿರುವಿನವರೆಗೂ ಇಬ್ಬರೂ ನಗು ತಡೆದುಕೊಂಡರು. ಆಮೇಲೆ ಸೊಸೆ ಗಾಡಿ ಓಡಿಸಲಾಗದೆ ಬದಿಗೆ ನಿಲ್ಲಿಸಿ, ಸ್ಟೀರಿಂಗಿಗೆ ಹಣೆಯಿಟ್ಟು ನಕ್ಕಳು. ಅತ್ತೆ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡರು. ಮದುವೆಯಾಗಿ ಬಂದ ಹತ್ತೊಂಬತ್ತು ವರ್ಷದಲ್ಲಿ ಇಬ್ಬರೂ ಒಂದೇ ವಿಷಯಕ್ಕೆ ಹೀಗೆ ನಕ್ಕದ್ದು ಸೊಸೆಗೆ ನೆನಪಿರಲಿಲ್ಲ.

“ಈಗ ನೋಡು ಗಾಯ,” ಎಂದು ಅತ್ತೆ ಕಾಲುಚೀಲ ಇಳಿಸಿದರು.

ಆ ವಾರವೇ ಮೇಸ್ತ್ರಿ ಹಿಂಬಾಗಿಲಿನ ಮೆಟ್ಟಿಲಿಗೆ ಬೀಟೆ ಮರದ ಕೈಹಿಡಿ ಹಾಕಿದ. ವಾರ್ನಿಷ್ ಅದಕ್ಕೆ ಮೂರು ಸಲ ಪಾಲಿಶ್ ಹೊಡೆದ. ಆಟ ಮತ್ತೆ ಶುರುವಾಯಿತು, ಐದು ಜನರಾದ್ದರಿಂದ ಒಬ್ಬರು ಸರದಿಯಲ್ಲಿ ಕೆಲಸ ಮಾಡಬೇಕೆಂದು ಸೊಸೆ ಕಟ್ಟಳೆ ಮಾಡಿದಳು. ಮೊದಲ ದಿನವೇ ಅವಳು ಮೇಜಿನ ಕೆಳಗಿನಿಂದ ಎಲೆ ಬದಲಾಯಿಸಿ ಅತ್ತೆಯ ಕೈಗೆ ಸಿಕ್ಕಿಬಿದ್ದಳು. ಅತ್ತೆ ಅವಳನ್ನು ಎಲ್ಲರೆದುರು ಚೆನ್ನಾಗಿ ಬೈದರು. ಮೋಸ ಮಾಡಿದ್ದಕ್ಕಲ್ಲ, ಇಷ್ಟು ಎದ್ದು ಕಾಣುವ ಹಾಗೆ ಮಾಡಿದ್ದಕ್ಕೆ.