ತೊಟ್ಟಿ ದಾಟಿದ ಬೂಟು

ಚಿಕಲಠಾಣಾದ ಆಚೆ, ಮನ್ಮಥಪ್ಪನವರ ಹಂದಿ ಫಾರ್ಮಿನ ಬಾಗಿಲಲ್ಲಿ ರೋಗಾಣು ಕೊಲ್ಲುವ ಔಷಧದ ತೊಟ್ಟಿಯೊಂದಿತ್ತು. ಅದರಲ್ಲಿ ಕಾಲು ಅದ್ದದೆ ಯಾರೂ ಒಳಗೆ ಹೋಗುವಂತಿರಲಿಲ್ಲ, ಮನ್ಮಥಪ್ಪನವರೊಬ್ಬರನ್ನು ಬಿಟ್ಟು. ಅವರ ತೊಗಲಿನ ಬೂಟಿಗೆ ಕಲೆಯಾಗುತ್ತಿತ್ತಂತೆ. ಬೀದರಿನ ಬೀಗರೆದುರು ‘ಕೃಷಿ ಉದ್ಯಮ’ ಎಂದು ಹೇಳಿಕೊಂಡು ಹಂದಿಯೆಂಬ ಶಬ್ದವನ್ನೇ ನುಂಗಿಬಿಡುತ್ತಿದ್ದ ಈ ಮನುಷ್ಯನನ್ನು ಕಂಡರೆ ಫಾರ್ಮಿನ ಪಶುವೈದ್ಯೆ ವಿದ್ಯಾವತಿಗೆ ಮೊದಲಿನಿಂದಲೂ ತಾತ್ಸಾರ.

ತೊಟ್ಟಿಯ ನೀರು ಹೊಲಸು ಬೆರೆತು ಚಹಾದ ಬಣ್ಣಕ್ಕೆ ತಿರುಗಿರುತ್ತಿತ್ತು.

“ಮೊದ್ಲು ಬೂಟಿಗೆ ಬ್ರಶ್ ಹಚ್ಚಿ ತಿಕ್ಕಿ ಹೊಲಸು ತೆಗಿಬೇಕ್ರಿ. ಹೊಲಸಿನ ಮ್ಯಾಲ ಔಷಧ ಸುರುವಿದ್ರ ವೈರಸ್ ಸಾಯಂಗಿಲ್ಲ,” ಎಂದು ಆಕೆ ಹೇಳಿದರೆ, “ವಾಸ್ನಿ ಬರ್ಲತ್ತದಲ್ಲ ಡಾಕ್ಟರಬಾಯಿ, ಸಾಕು,” ಎನ್ನುತ್ತಿದ್ದರು ಮನ್ಮಥಪ್ಪ. ಮೂಗಿಗೆ ಘಮ್ಮೆಂದರೆ ರೋಗ ಓಡಿಹೋಗುತ್ತದೆ ಎಂಬುದು ಅವರ ವಿಜ್ಞಾನ.

ಆಗ ನಾಸಿಕ್ ಕಡೆ, ಸಟಾಣಾದ ಹತ್ತಿರದ ಫಾರ್ಮೊಂದರಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿತೆಂಬ ಸುದ್ದಿ ಬಂತು. ಬಂದ ಮೇಲೆ ಚಿಕಿತ್ಸೆಯೇ ಇಲ್ಲದ ರೋಗ. ಬೇರೆಯವರು ಅತ್ತ ತಲೆಯೂ ಹಾಕದಿರುವಾಗ, ಅಗ್ಗಕ್ಕೆ ಮರಿ ಸಿಗಬಹುದೆಂದು ಮನ್ಮಥಪ್ಪ ಅಲ್ಲಿಗೇ ಹೋದರು. ಮರಿ ಸಿಗಲಿಲ್ಲ. ಹಿಂತಿರುಗಿ ಕಾರಿನಿಂದ ಇಳಿದವರೇ ನೆಟ್ಟಗೆ ಹಂದಿಗಳತ್ತ ನಡೆದರು. ಬೂಟಿಗೆ ಅಲ್ಲಿಯ ಕೆಸರು ಮೆತ್ತಿತ್ತು. ವಿದ್ಯಾವತಿ ಬಾಗಿಲಿಗೆ ಅಡ್ಡ ನಿಂತಳು.

“ಬೂಟ್ ಇಲ್ಲೇ ಬಿಡ್ರಿ. ಜಳಕ ಮಾಡಿ, ಬ್ಯಾರೆ ಅರಬಿ ಹಾಕ್ಕೊಂಡು ಬರ್ರಿ.”

“ನಾ ಏನ್ ಹಂದಿ ಏನ್ರಿ?”

“ಹಂದಿಗಾದ್ರ ಇಷ್ಟ್ ಹೇಳೋ ಗರಜ್ ಬೀಳ್ತಿರಲಿಲ್ರಿ.”

ಆಳುಗಳು ಮುಖ ತಿರುಗಿಸಿ ನಕ್ಕರು. ಅದೇ ಎಡವಟ್ಟಾಯಿತು. ಮುಖ ಕೆಂಪೇರಿದ ಮನ್ಮಥಪ್ಪ ಬದಿಯಿಂದ ನುಗ್ಗಿ, ತೊಟ್ಟಿ ದಾಟಿ, ಬೇಕೆಂದೇ ಒಂದೊಂದು ಗೂಡಿನೊಳಗೂ ಕಾಲಿಟ್ಟು ಬಂದರು.

ಕೆಲವೇ ದಿನಗಳಲ್ಲಿ ಹಂದಿಗಳು ಮೇವು ಬಿಟ್ಟವು. ಕಿವಿ ನೀಲಿಗಟ್ಟಿ, ಒಂದಕ್ಕೊಂದು ಒರಗಿ ಬಿದ್ದುಕೊಂಡವು. ಪರೀಕ್ಷೆಯಲ್ಲಿ ಜ್ವರ ಖಚಿತವಾಗಿ, ಸರ್ಕಾರಿ ತಂಡ ಬಂದು ಸಾಯದೆ ಉಳಿದವನ್ನೂ ಕೊಂದು ಹೂಳಿತು. ಮರಿಗಳಿಗೆ ಹಾಲೂಡುತ್ತಿದ್ದ ತಾಯಿಯೊಂದು ಕೊನೆಯವರೆಗೂ ವಿದ್ಯಾವತಿಯ ಕೈ ಮೂಸುತ್ತಿತ್ತು. ಅಂದು ಆಕೆಗೆ ತನ್ನ ಚುಚ್ಚುಮಾತೂ ಕಹಿಯೆನಿಸಿತು. ಮಾತಾಡುವ ಬದಲು ಬಾಗಿಲಿಗೆ ಬೀಗ ಜಡಿಯಬೇಕಿತ್ತು.

ಮನ್ಮಥಪ್ಪ ಅಧಿಕಾರಿಗಳ ಮುಂದೆ ಕಣ್ಣೊರೆಸಿಕೊಂಡು, “ಔಷಧಾನೇ ನಕಲಿ ಇತ್ರಿ,” ಎಂದರು.

“ಔಷಧ ಖರೇನೇ ಇತ್ರಿ. ಇವ್ರು ಅದರಾಗ ಕಾಲೇ ಇಡ್ಲಿಲ್ಲ,” ಎಂದ ವಿದ್ಯಾವತಿ ಸಟಾಣಾದ ಸವಾರಿಯನ್ನೂ ಬಿಡದೆ ಹೇಳಿದಳು.

ಅಂದೇ ಆಕೆಯ ಕೆಲಸ ಹೋಯಿತು. ಆಕೆ ನಾಸಿಕ್‌ನಲ್ಲಿ ಬೇರೆ ಕೆಲಸ ಹಿಡಿದಳು. ಮನ್ಮಥಪ್ಪ ಈಗ ವೇರೂಳಿನ ದಾರಿಯಲ್ಲಿ ಕೋಳಿ ಸಾಕಲು ಹೊರಟಿದ್ದಾರೆಂದು ಹಳೆಯ ಆಳೊಬ್ಬ ಫೋನಿನಲ್ಲಿ ತಿಳಿಸಿದಾಗ, ಆಕೆ, “ಪಾಪ, ಕೋಳಿಗಳು,” ಎಂದಷ್ಟೇ ಹೇಳಿ ಫೋನಿಟ್ಟಳು.