ಪಿಸುಮಾತು ಕೇಳುವ ಕೋಣೆ

ಹೊಲಿಗೆ ಕೋಣೆಯ ಮರದ ನೆಲ ಕಿತ್ತು ಬಿಳಿ ಟೈಲ್ಸ್ ಹಾಕಿಸಿದ ಮೇಲೆ ಎಂಟು ಮಂದಿ ಹೆಂಗಸರ ಬಾಯಿಗೆ ಬೀಗ ಬಿತ್ತು. ಗೋಡೆಯ ಹಲಗೆಗಳೂ ಹೋಗಿ ಅಲ್ಲೂ ಅದೇ ಟೈಲ್ಸ್ ಬಂದಿತ್ತು. ಕೋಣೆ ಇದ್ದಷ್ಟೇ ಇದ್ದರೂ ದುಪ್ಪಟ್ಟು ದೊಡ್ಡದಾಗಿ ಕಾಣುತ್ತಿತ್ತು. ಕೂತವರು ಮಾತ್ರ ಕುಗ್ಗಿದ ಹಾಗೆ. ಬರಿಗಾಲಲ್ಲಿ ಓಡಾಡುತ್ತಿದ್ದವರು ಈಗ ಕಾಲು ಮೇಲಕ್ಕೆಳೆದುಕೊಂಡು ಕೂರುತ್ತಿದ್ದರು. ಒಬ್ಬರನ್ನು ಕಂಡರೆ ಒಬ್ಬರಿಗೆ ಸಿಡುಕು. ಯಾರದ್ದೋ ಕಣ್ಣು ಬಿದ್ದಿದೆ ಎಂದು ಇಸ್ತ್ರಿಯವಳು ಹೇಳಿಕೊಂಡು ತಿರುಗಿದಳು. ಯಜಮಾನರಿಗೆ ಮಾತ್ರ ಖುಷಿಯೋ ಖುಷಿ. ಹರಟೆ ನಿಂತು ಕೆಲಸ ಓಡುತ್ತಿದೆ ಎಂದು ಬಂದವರಿಗೆಲ್ಲ ಹೇಳಿದರು.

ಗುಂಡಿ ಹೊಲಿಯುವ ಗುಬ್ಬಿ ಬಾಯಿ ತೆರೆಯುವುದೇ ಅಪರೂಪ. ನಿಜವಾದ ಗುಬ್ಬಿಯಾದರೆ ಚಿಲಿಪಿಲಿಯಾದರೂ ಅನ್ನುತ್ತದೆ ಎಂದು ಎಲ್ಲರೂ ಕಾಡಿಸುತ್ತಿದ್ದರು. ಆದರೆ ಅವಳ ಕಣ್ಣು ಕಿವಿ ಚುರುಕು. ಮೊದಲು ಕತ್ತರಿ ಬಿದ್ದರೆ ನೆಲ ಧಪ್ ಎಂದು ನುಂಗಿಕೊಳ್ಳುತ್ತಿತ್ತು. ಈಗ ಖಣಲ್ ಎಂದು ಕೋಣೆಯನ್ನೆಲ್ಲ ಸುತ್ತಿ ಬರುತ್ತಿತ್ತು. ಯಾರು ಒಂದು ಮಾತಾಡಿದರೂ ಮರುಕ್ಷಣ ಮೂಲೆಯಲ್ಲಿ ಕೂತು ಕೆಲಸ ನೋಡಿಕೊಳ್ಳುವ ಮೇಸ್ತ್ರಿಯ ಮೇಜಿನ ಕಡೆ ನೋಡುತ್ತಿದ್ದರು. ಇದು ಯಾರ ಕಣ್ಣೂ ಅಲ್ಲ, ಈ ಗೋಡೆಯೇ ಎಂದು ಗುಬ್ಬಿಗೆ ಅನ್ನಿಸಿತು.

ಅವಳ ಪಕ್ಕದಲ್ಲಿ ಕೂತು ಕಾಲರ್ ಹೊಲಿಯುವ ದೊಡ್ಡಮ್ಮನ ಕೈ ಚಿನ್ನ, ಕಣ್ಣು ಮಾತ್ರ ಮಂಜು. ದಾರ ಕಡಿದಾಗಲೆಲ್ಲ ಆಕೆ ಬಗ್ಗಿ, ಪೋಣಿಸೇ ಮಗಾ ಎಂದು ಪಿಸುಗುಟ್ಟುವುದು, ಗುಬ್ಬಿ ಪೋಣಿಸುವುದು. ಎರಡು ವರ್ಷದಿಂದ ಹೀಗೇ ನಡೆದಿದ್ದರೂ ಒಬ್ಬರಿಗೂ ತಿಳಿದಿರಲಿಲ್ಲ. ಒಂದು ದಿನ ಮಿಷನ್‌ಗಳು ಅರೆಗಳಿಗೆ ನಿಂತಿದ್ದಾಗ ಆ ಪಿಸುಮಾತು ಟೈಲ್ಸ್ ಮೇಲೆ ಜಾರಿಕೊಂಡು ಸೀದಾ ಮೇಸ್ತ್ರಿಯ ಕಿವಿಗೆ ಹೋಯಿತು. ಅವನು ಯಜಮಾನರನ್ನೇ ಕರೆತಂದ.

ಯಜಮಾನರು ಬೈಯಲಿಲ್ಲ. ಕಣ್ಣು ಕಾಣದವರಿಗೆ ಇದು ಕೆಲಸವಲ್ಲ, ಸೋಮವಾರದಿಂದ ಮನೆಯಲ್ಲಿ ಆರಾಮಾಗಿರಿ ಎಂದರು. ದೊಡ್ಡಮ್ಮ ತಲೆ ತಗ್ಗಿಸಿ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡಳು.

ಗುಬ್ಬಿ ಎದ್ದು ನಿಂತಳು.

"ಅವರ ಸೂಜಿಗೆ ದಾರ ಪೋಣಿಸ್ತಿರೋದು ನಾನು, ಯಜಮಾನ್ರೇ. ಎರಡು ವರ್ಷದಲ್ಲಿ ಒಂದೇ ಒಂದು ಕಾಲರ್ ಸೊಟ್ಟ ಬಂದಿದ್ರೆ ತೋರ್ಸಿ."

ಮಾತು ಗೋಡೆಗೆ ಬಡಿದು, ಯಾರೋ ಗಟ್ಟಿಗಿತ್ತಿಯ ದನಿಯಂತೆ ಅವಳ ಕಿವಿಗೇ ವಾಪಸು ಬಂತು. ಬೆಚ್ಚಿದಳು. ಆಮೇಲೆ ಅದು ಹಿಡಿಸಿತು.

"ಪರವಾಗಿಲ್ವೇ, ಗುಬ್ಬಿಗೂ ಗಂಟಲಿದೆ," ಎಂದ ಮೇಸ್ತ್ರಿ.

"ಗಂಟಲಲ್ಲ ಮೇಸ್ತ್ರಿ, ನಿಮ್ಮ ಟೈಲ್ಸು. ಮರ ಇದ್ದಾಗ ನಮ್ಮ ಮಾತು ನಮ್ಮ ಹತ್ರಾನೇ ಇರ್ತಿತ್ತು. ಈಗ ಪಿಸುಗುಟ್ಟಿದ್ರೂ ನಿಮಗೆ ಕೇಳತ್ತೆ. ಸರಿ ಬಿಡಿ, ಇನ್ಮೇಲೆ ಪಿಸುಗುಟ್ಟಲ್ಲ." ತಿರುಗಿ, ಇದ್ದ ಗಂಟಲನ್ನೆಲ್ಲ ತೆರೆದು ಹೇಳಿದಳು: "ದೊಡ್ಡಮ್ಮಾ, ದಾರ ಕೊಡಿ ಇಲ್ಲಿ."

"ನಂಗೂ ಪೋಣಿಸ್ಕೊಡೇ ಗುಬ್ಬಿ, ನಂಗೂ ಕಣ್ಣು ಕಾಣಲ್ಲ," ಎಂದಳು ಜೇಬು ಹೊಲಿಯುವವಳು. ಬೀದಿಯ ಆ ತುದಿಯಲ್ಲಿ ಯಜಮಾನರ ಕಾರು ತಿರುಗಿದರೆ ಮೊದಲು ಕಾಣುವುದು ಅವಳಿಗೇ. ಅವಳ ಹಿಂದೆಯೇ ಮತ್ತೊಬ್ಬಳು, ಮಗದೊಬ್ಬಳು. ಸೂಜಿಯನ್ನೇ ಮುಟ್ಟದ ಇಸ್ತ್ರಿಯವಳೂ ಕೂಗಿದಳು. ಎಂಟು ಗಂಟಲು ಟೈಲ್ಸಿಗೆ ಬಡಿದು ಎಂಬತ್ತಾದವು. ಯಜಮಾನರ ತುಟಿ ಅಲ್ಲಾಡಿತು. ಏನಂದರೆಂದು ಪಕ್ಕದಲ್ಲಿದ್ದ ಮೇಸ್ತ್ರಿಗೇ ಕೇಳಲಿಲ್ಲ.

ಕೊನೆಗೆ ಅವರು ದೊಡ್ಡಮ್ಮನ ಮುಂದಿದ್ದ ಕಾಲರ್‌ಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಇಡೀ ರಾಶಿ ಮುಗಿಯಿತು. ಒಂದೂ ಸೊಟ್ಟ ಸಿಗದೆ ಕೆಳಗಿಟ್ಟು ಹೊರನಡೆದರು.

ಸೋಮವಾರ ದೊಡ್ಡಮ್ಮ ಬಂದಳು. ಯಾರೂ ತಡೆಯಲಿಲ್ಲ. ದಾರ ಕಡಿದಾಗಲೆಲ್ಲ ಬೀದಿಗೆ ಕೇಳುವಂತೆ ಗುಬ್ಬಿಯನ್ನು ಕರೆದಳು. ಉಳಿದವರೂ ಅತ್ತೆ, ನಾದಿನಿ, ಮಂಡಿನೋವು ಎಲ್ಲವನ್ನೂ ಅದೇ ಎತ್ತರದ ದನಿಯಲ್ಲಿ ಮಾತಾಡಿದರು. ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿ ತನ್ನ ಮೇಜನ್ನು ತಾನೇ ಎಳೆದುಕೊಂಡು ಹೊರಗಿನ ಪಡಸಾಲೆಗೆ ಹೋದ.