ಗುಲಾಬಿ ಎಲೆ ಕತ್ತರಿಸಿದವರು

ಮಗಳು ತಪ್ಪು ಹೊಲಿಗೆ ಬಿಚ್ಚುತ್ತಿದ್ದಳು. ಬ್ಲೇಡಿನ ತುದಿಯಿಂದ ಒಂದೊಂದೇ ದಾರ ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಎದುರಿಗೆ ಸ್ಟೂಲಿನ ಮೇಲೆ ಕೂತು ಅಪ್ಪ ಅಂಗಿ ಗುಂಡಿಗಳನ್ನು ಬಣ್ಣ ನೋಡಿ ಡಬ್ಬಿಗಳಿಗೆ ತುಂಬುತ್ತಿದ್ದ. ಇಬ್ಬರ ಬಾಯಿಗೂ ಬೀಗ. ಎರಡು ದಿನದಿಂದ ಹೀಗೇ.

ಮೂವತ್ತು ವರ್ಷ ಕೋಟು ಹೊಲಿದ ಅಪ್ಪನ ಕೈ ಈಗ ನಡುಗುತ್ತದೆ. ಹೋದ ತಿಂಗಳು ಗಿರಾಕಿಯೊಬ್ಬರ ಬಟ್ಟೆ ಅಡ್ಡಾದಿಡ್ಡಿಯಾದ ಮೇಲೆ ಕತ್ತರಿ ಮಗಳ ಕೈಗೆ ಬಂತು. ಅದೇ ಹೊತ್ತಿಗೆ ಹಿತ್ತಿಲ ಗುಲಾಬಿ ಎಲೆಗಳ ಅಂಚಿನಲ್ಲಿ ದುಂಡು ದುಂಡಾದ ತುಂಡುಗಳು ಮಾಯವಾಗತೊಡಗಿದವು. ಒಂದಿಷ್ಟೂ ಹರಕಿಲ್ಲ, ಕಾಲರಿನ ತಿರುವಿನಷ್ಟು ನಯ. ಹುಳ ಇಷ್ಟು ನೀಟಾಗಿ ತಿನ್ನುವುದುಂಟೆ? ಅಪ್ಪ ಕದ್ದುಮುಚ್ಚಿ ಎಲೆ ಕತ್ತರಿಸಿ ಕೈ ಪಳಗಿಸಿಕೊಳ್ಳುತ್ತಿದ್ದಾನೆ ಎಂದುಕೊಂಡು ಮೊನ್ನೆ ಮಗಳು ಕೇಳಿಯೇಬಿಟ್ಟಳು.

"ಈ ಕೈಗೆ ಇಷ್ಟು ದುಂಡಗೆ ಬರೋ ಹಾಗಿದ್ರೆ ಇಲ್ಲಿ ಗುಂಡಿ ಎಣಿಸ್ತಾ ಯಾಕೆ ಕೂರ್ತಿದ್ದೆ ಕಣೇ?" ಎಂದಿದ್ದ ಅಪ್ಪ.

ಅವಳು ನಂಬಲಿಲ್ಲ. ಅಂದಿನಿಂದ ಕೆಲಸ ಮುಗಿದೊಡನೆ ಅಪ್ಪನ ಕತ್ತರಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು.

ಈಗ ದಾರದ ಚೂರು ಎಸೆಯಲು ಹಿತ್ತಿಲಿಗೆ ಹೋದವಳು ನಿಂತಲ್ಲೇ ನಿಂತಳು. ಕಪ್ಪು ಹುಳವೊಂದು ಎಲೆಯಂಚನ್ನು ಕಾಲುಗಳಲ್ಲಿ ಅವುಚಿ, ಬಾಯಿಯಿಂದ ಸರಸರನೆ ಸುತ್ತು ಹಾಕಿ ಕತ್ತರಿಸಿತು. ತುಂಡನ್ನು ಹೊಟ್ಟೆಗೆ ಅಪ್ಪಿಕೊಂಡು ಹಾರಿ, ಗಿಡಕ್ಕೆ ಆಸರೆ ಕೊಟ್ಟಿದ್ದ ಬಿದಿರಿನ ತೂತಿನೊಳಗೆ ನುಗ್ಗಿತು.

ಅವಳು ಒಳಗೆ ಓಡಿಹೋಗಿ ಬೀರು ತೆಗೆದು, ಕತ್ತರಿಯನ್ನು ಅಪ್ಪನ ಮಡಿಲಲ್ಲಿಟ್ಟಳು.

"ತಪ್ಪಾಯ್ತಪ್ಪಾ. ಕಳ್ಳ ಸಿಕ್ಕಿದ. ಬಾ, ತೋರಿಸ್ತೀನಿ."

ಅಪ್ಪ ಕತ್ತರಿಯನ್ನು ಸವರಿದ. ಅವಳತ್ತ ನೋಡಲಿಲ್ಲ. ಆದರೂ ಎದ್ದು ಬಂದ.

ಇಬ್ಬರೂ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಹುಳ ಬಿದಿರಿನ ತೂತಿನಿಂದ ಮತ್ತೆ ಹೊರಬಂತು.

"ಜೇನಾ?" ಎಂದಳು ಮಗಳು.

"ನಮ್ಮ ಜೇನು ಕಾಲಲ್ಲಿ ಹೂವಿನ ಪುಡಿ ಹೊರುತ್ತೆ. ಇದರ ಹೊಟ್ಟೆ ಕೆಳಗೆ ನೋಡು, ಹಳದಿ ಪುಡಿ."

ಮಗಳು ಮೊಬೈಲಿನ ಚಿತ್ರಗಳ ಜೊತೆ ಹೋಲಿಸಿ ನೋಡಿದಳು. "ಇದೂ ಜೇನೇ. ಎಲೆ ಕತ್ತರಿಸೋ ಜೇನಂತೆ. ಎಲೆ ಸುತ್ತಿ ಮರಿಗೆ ಗೂಡು ಮಾಡುತ್ತಂತೆ."

"ಟೇಪಿಲ್ಲ, ಸೀಮೆಸುಣ್ಣವಿಲ್ಲ! ನಿನಗಿಂತ ವಾಸಿ ಬಿಡು."

"ನಿನಗಿಂತಲೂ."

ಅಪ್ಪ ಎರಡು ದಿನದ ಮೇಲೆ ನಕ್ಕ. ಅವನ ನಡುಗುವ ಕೈ ಅವಳ ಭುಜಕ್ಕೆ ಬಂತು. ಜೇನು ಇನ್ನೊಂದು ಎಲೆಯ ಮೇಲೆ ಇಳಿಯಿತು. ಇಬ್ಬರೂ ಉಸಿರು ಬಿಗಿಹಿಡಿದರು.

ಒಳಗಿನಿಂದ ಅಮ್ಮ ಮೂರನೇ ಸಲ ಕೂಗಿದಳು: "ಅಪ್ಪ ಮಗಳು ಎಲ್ಲಿ ಹಾಳಾಗಿ ಹೋದ್ರಿ? ಯಾರಾದ್ರೂ ಬಂದು ಈ ಸೂಜಿಗೆ ದಾರ ಪೋಣಿಸಿಕೊಡ್ರೋ!"